ಕಡಲ ತಳದ ಗಂಟೂ ನಮ್ಮ ಮನೆಯ ಗಂಟೂ
(ಆಳಗಡಲ ಗಣಿಯಲ್ಲಿ ಹಣ ತೊಡಗಿಸುವವನು ಪರಿಸರದ ಅಪಾಯವನ್ನು ತೂಗುವುದು ಹೇಗೆ?)

— ಅಜ್ಜಾವರದ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ. (ಅರ್ಥಶಾಸ್ತ್ರ)

ನಮ್ಮ ಹಿರಿಯರು ಕಡಲನ್ನು ರತ್ನಾಕರನೆಂದು ಕರೆದರು. ಅದನ್ನು ಕಡೆದಾಗ ಅಮೃತ ಬಂತೆಂದೂ, ಅಮೃತಕ್ಕೆ ಮೊದಲು ಹಾಲಾಹಲ ಬಂತೆಂದೂ ಪುರಾಣ ಹೇಳುತ್ತದೆ. ಅಮೃತಕ್ಕಾಗಿ ಸಾಲುಗಟ್ಟಿ ನಿಂತವರು ಬಹಳ ಮಂದಿ. ವಿಷವನ್ನು ಕುಡಿಯಲು ಒಪ್ಪಿದವನು ಒಬ್ಬನೇ. ಇಂದು ಮನುಷ್ಯನು ಹಗ್ಗ ಮಂದರಗಳನ್ನು ಬಿಟ್ಟು ಯಂತ್ರಗಳನ್ನು ಹಿಡಿದು ಮತ್ತೊಮ್ಮೆ ಕಡಲನ್ನು ಕಡೆಯಲು ಹೊರಟಿದ್ದಾನೆ. ಈ ಸಲದ ಕಡೆತಕ್ಕೆ ಬೇಕಾದ ಹಣವನ್ನು ಷೇರುಗಳ ಮೂಲಕ ನಮ್ಮಂಥವರಿಂದಲೂ ಕೇಳಲಾಗುತ್ತಿದೆ. ಆದುದರಿಂದ ಅಮೃತದ ಪಾಲು ಎಷ್ಟು, ವಿಷದ ಪಾಲು ಯಾರಿಗೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ವಿವೇಕವೆನ್ನಬೇಕು.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಪಾಠದ ಪುಸ್ತಕ ಕಾರಣವಲ್ಲ. ನಮ್ಮ ಮನೆಯ ಜಗಲಿ ಕಾರಣ.

ಜಗಲಿಯಲ್ಲಿ ಎದ್ದ ಪ್ರಶ್ನೆ

ಸುಳ್ಯದ ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗಲಿ ವರ್ಷಗಳಾದವು. ಅಜ್ಜಾವರದ ನಮ್ಮ ತೋಟದ ಕೆಳಗಿನ ಭಾಗವೂ ಅದರಿಂದ ಸೊರಗಿದೆ. ಕಳೆದ ವರ್ಷ ನಮ್ಮ ತಂದೆಯವರು ಮುದಿಯಾದ ರಬ್ಬರ್ ಮರಗಳನ್ನು ಕಡಿಸಿ ಮಾರಿದರು. ಸಾಲ ತೀರಿಸಿ ಉಳಿದುದು ನಾಲ್ಕು ಲಕ್ಷ ರೂಪಾಯಿ. ಮುಂದೆ ತೋಟವನ್ನು ಹೊಸದಾಗಿ ಕಟ್ಟುವುದಕ್ಕೂ ತಂಗಿಯ ಓದಿಗೂ ಅದೇ ಆಧಾರ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ ಹಬ್ಬಕ್ಕೆ ಬಂದವನು ಈ ಸುದ್ದಿ ತಿಳಿದು ಹೇಳಿದ:

"ಚಿಕ್ಕಪ್ಪ, ಬ್ಯಾಂಕಿನಲ್ಲಿ ಇಟ್ಟರೆ ಎಂತ ಸಿಗ್ತದೆ? ಸಮುದ್ರದ ಅಡಿಯಲ್ಲಿ ಲೋಹದ ಗಂಟುಗಳು ರಾಶಿ ಬಿದ್ದಿವೆ. ಅದನ್ನು ಹೆಕ್ಕುವ ಕಂಪೆನಿ ಅಮೆರಿಕದಲ್ಲಿ ಉಂಟು. ಎರಡು ಲಕ್ಷ ಹಾಕುವಾ. ಫೋನಿನಲ್ಲೇ ಷೇರು ತೆಗೆದುಕೊಳ್ಳಬಹುದು."

ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಷ್ಟ ಆದರೆ ಕೊಡುವವರು ಯಾರು?" ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಅಮ್ಮ, "ಹೆಕ್ಕಿದ ಮೇಲೆ ಅದು ಪುನಃ ಬೆಳೀತದಾ?" ಎಂದರು. ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಅಲ್ಲ ಮಗಾ, ಕಡಲಿನ ಅಡಿಯಲ್ಲಿ ಇರುವುದು ಯಾರದ್ದು? ಮಾರುವುದಕ್ಕೆ ಅವರಿಗೆ ಹೇಳಿದ್ದು ಯಾರು?" ಎಂದು ಕೇಳಿದರು.

ಅಣ್ಣ ನಕ್ಕುಬಿಟ್ಟ. ನನಗೂ ಆಗ ನಗು ಬಂದಿತ್ತು. ಆದರೆ "ನೀನು ಅರ್ಥಶಾಸ್ತ್ರ ಓದುವವನಲ್ಲವಾ, ನೋಡಿ ಹೇಳು" ಎಂದು ತಂದೆಯವರು ಆ ಭಾರವನ್ನು ನನ್ನ ತಲೆಗೆ ಹಾಕಿದ ಮೇಲೆ ಎರಡು ತಿಂಗಳು ಓದಿ ನೋಡಿದೆ. ಮನೆಯವರು ಕೇಳಿದ ಆ ಮೂರು ಮಾತುಗಳನ್ನು ಮೀರಿದ ಪ್ರಶ್ನೆಯೊಂದೂ ನನಗೆ ಸಿಗಲಿಲ್ಲ. ಅವುಗಳನ್ನೇ ಒಂದೊಂದಾಗಿ ವಾಚಕರ ಮುಂದಿಡುತ್ತೇನೆ.

ಕಡಲ ತಳದಲ್ಲಿ ಇರುವುದೇನು?

ಮೊದಲು ವಸ್ತುವಿನ ಪರಿಚಯ. 1872ರಿಂದ 1876ರ ವರೆಗೆ ಲೋಕದ ಕಡಲುಗಳನ್ನು ಸುತ್ತಿದ 'ಚಾಲೆಂಜರ್' ಎಂಬ ಬ್ರಿಟಿಷ್ ಹಡಗು ಆಳದ ಕೆಸರನ್ನು ಮೇಲೆತ್ತಿದಾಗ ಅದರಲ್ಲಿ ಕಪ್ಪಗಿನ ಉರುಟು ಗಂಟುಗಳು ಸಿಕ್ಕಿದವು. ಗಾತ್ರದಲ್ಲಿ ಬಟಾಟೆಯನ್ನು ಹೋಲುವ ಈ ಗಂಟುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಎಂಬ ಲೋಹಗಳಿವೆ. ಆದುದರಿಂದಲೇ ಇವಕ್ಕೆ ಬಹುಲೋಹದ ಗಂಟುಗಳೆಂದು ಹೆಸರು. ಇವು ಸಾಮಾನ್ಯವಾಗಿ 4000ದಿಂದ 6000 ಮೀಟರ್ ಆಳದಲ್ಲಿ, ಬೆಳಕಿನ ಸುಳಿವೇ ಇಲ್ಲದ ಬಯಲಿನಲ್ಲಿ, ಕೆಸರಿನ ಮೇಲೆ ಹರಡಿ ಬಿದ್ದಿರುತ್ತವೆ. ಹವಾಯಿಗೂ ಮೆಕ್ಸಿಕೋವಿಗೂ ನಡುವಣ ಶಾಂತಸಾಗರದ ವಿಸ್ತಾರವಾದ ಬಯಲು ಇವುಗಳ ದೊಡ್ಡ ಕಣಜ. ನಮ್ಮ ಹಿಂದೂ ಮಹಾಸಾಗರದ ನಡುಭಾಗವೂ ಅಂಥದೇ ಒಂದು ಕಣಜ.

ಭಾರತವು ಈ ಕೆಲಸದಲ್ಲಿ ಹಿಂದೆ ಬಿದ್ದ ದೇಶವಲ್ಲ. 1981ರ ಜನವರಿ 26ರಂದು 'ಗವೇಷಣಿ' ಎಂಬ ನಮ್ಮ ಸಂಶೋಧನಾ ಹಡಗು ಅರಬ್ಬೀ ಸಮುದ್ರದಿಂದ ಮೊದಲ ಗಂಟನ್ನು ಎತ್ತಿತು. 1987ರಲ್ಲಿ ಭಾರತಕ್ಕೆ 'ಮುಂಚೂಣಿಯ ಹೂಡಿಕೆದಾರ' ಎಂಬ ಅಂತರರಾಷ್ಟ್ರೀಯ ಪದವಿ ದೊರೆಯಿತು. ದೇಶವೇ ಒಬ್ಬ ಹೂಡಿಕೆದಾರನೆನಿಸಿಕೊಂಡ ಈ ಸಂಗತಿ ನನ್ನ ವಿಷಯಕ್ಕೆ ಬಹಳ ಹತ್ತಿರವಾದುದು. 2002ರಲ್ಲಿ ಒಪ್ಪಂದವಾಗಿ, ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಶೋಧನೆ ನಡೆಸುವ ಹಕ್ಕು ನಮ್ಮದಾಯಿತು. ಅಲ್ಲಿ 38 ಕೋಟಿ ಟನ್ ಗಂಟುಗಳಿವೆಯೆಂದು ಸರಕಾರದ ಅಂದಾಜು. 2021ರಲ್ಲಿ ಕೇಂದ್ರ ಸರಕಾರ 4077 ಕೋಟಿ ರೂಪಾಯಿಗಳ ಆಳಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ 'ವರಾಹ' ಎಂಬ ಯಂತ್ರ 5270 ಮೀಟರ್ ಆಳದ ತಳದಲ್ಲಿ ಓಡಾಡಿ ಬಂತು. ಭೂಮಿಯನ್ನು ನೀರಿನಿಂದ ಎತ್ತಿದವನ ಹೆಸರನ್ನೇ ಯಂತ್ರಕ್ಕೆ ಇಟ್ಟಿರುವುದು ಉಚಿತವಾಗಿದೆ.

ಆದರೆ ಶೋಧನೆ ಬೇರೆ, ವ್ಯಾಪಾರ ಬೇರೆ. 2025ನೆಯ ಇಸವಿ ಮುಗಿಯುವವರೆಗೂ ಲೋಕದಲ್ಲಿ ಯಾರೊಬ್ಬರೂ ಈ ಗಂಟುಗಳನ್ನು ವ್ಯಾಪಾರಕ್ಕಾಗಿ ಗಣಿ ಮಾಡಿ ಮಾರಿರಲಿಲ್ಲ. ಹಾಗಾದರೆ ಷೇರು ಕೊಳ್ಳುವವನು ಯಾವುದಕ್ಕೆ ಹಣ ಕೊಡುತ್ತಾನೆ? ಸಿಗಬಹುದಾದ ಒಂದು ಅನುಮತಿಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಜ್ಜಿಯ ಪ್ರಶ್ನೆಗೆ ಬರೋಣ.

ಅಜ್ಜಿಯ ಪ್ರಶ್ನೆ: ಅದು ಯಾರದ್ದು?

ದಡದಿಂದ 200 ನಾಟಿಕಲ್ ಮೈಲಿಯ ವರೆಗಿನ ಸಂಪತ್ತಿನ ಮೇಲೆ ಆಯಾ ದೇಶಕ್ಕೆ ಹಕ್ಕು. ಅದರಾಚೆ, ಯಾವ ದೇಶದ ಹಕ್ಕಿಗೂ ಸೇರದ ಸಮುದ್ರತಳವು ಮಾನವಕುಲದ ಸಮಾನ ಆಸ್ತಿಯೆಂದು 1982ರ ಸಮುದ್ರ ಕಾನೂನಿನ ಒಡಂಬಡಿಕೆ ಸಾರುತ್ತದೆ. ಅದನ್ನು ನೋಡಿಕೊಳ್ಳಲು 1994ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರವು ಸ್ಥಾಪಿತವಾಯಿತು. ಅದರ ಕಚೇರಿ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿದೆ. ಎಂದರೆ, ಅಜ್ಜಿಗೆ ನಾನು ಕೊಡಬೇಕಾದ ಉತ್ತರ: "ಅಜ್ಜೀ, ಅದರಲ್ಲಿ ನಿಮ್ಮದೂ ಒಂದು ಪಾಲು ಉಂಟು."

ಈ ಪ್ರಾಧಿಕಾರ ಶೋಧನೆಗೆ ಪರವಾನಗಿಗಳನ್ನು ಕೊಟ್ಟಿದೆ. ಗಣಿಗಾರಿಕೆಯ ನಿಯಮಗಳು ಮಾತ್ರ ಸಿದ್ಧವಾಗಿಲ್ಲ. 2021ರ ಜೂನಿನಲ್ಲಿ ನೌರು ಎಂಬ ಪುಟ್ಟ ದ್ವೀಪರಾಷ್ಟ್ರ ತನ್ನ ಆಶ್ರಯದಲ್ಲಿದ್ದ ಕಂಪೆನಿಯ ಪರವಾಗಿ, ಎರಡು ವರ್ಷದೊಳಗೆ ನಿಯಮಗಳನ್ನು ಮುಗಿಸಬೇಕೆಂದು ಒತ್ತಾಯಿಸಿತು. 2023ರ ಜುಲೈಯಲ್ಲಿ ಗಡುವು ತೀರಿತು, ನಿಯಮಗಳು ಬರಲಿಲ್ಲ. 2025ರ ಅಧಿವೇಶನದಲ್ಲಿಯೂ ಅವು ಮುಗಿಯಲಿಲ್ಲ. ಈ ನಡುವೆ, ಸಾಕಷ್ಟು ತಿಳಿವಳಿಕೆ ಬರುವ ತನಕ ಈ ಕೆಲಸವನ್ನು ತಡೆಹಿಡಿಯಬೇಕೆಂದು ಮೂವತ್ತಕ್ಕೂ ಹೆಚ್ಚು ದೇಶಗಳು ಹೇಳಿವೆ. ನಾರ್ವೆ ದೇಶದ ಸಂಸತ್ತು 2024ರ ಜನವರಿಯಲ್ಲಿ ತನ್ನ ಕಡಲನ್ನು ಗಣಿ ಕೆಲಸಕ್ಕೆ ತೆರೆಯಲು ಒಪ್ಪಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿಯ ಸರಕಾರ ಮೊದಲ ಸುತ್ತಿನ ಪರವಾನಗಿಯನ್ನು ತಡೆಹಿಡಿಯಿತು. 2025ರ ಏಪ್ರಿಲಿನಲ್ಲಿ ಅಮೆರಿಕದ ಅಧ್ಯಕ್ಷರು ಆಳಗಡಲ ಗಣಿಗೆ ಉತ್ತೇಜನ ಕೊಡುವ ಆಜ್ಞೆ ಹೊರಡಿಸಿದರು. 1982ರ ಒಡಂಬಡಿಕೆಗೆ ಅಮೆರಿಕ ಸೇರಿಲ್ಲ. ಆದುದರಿಂದ 'ದಿ ಮೆಟಲ್ಸ್ ಕಂಪೆನಿ'ಯು ಪ್ರಾಧಿಕಾರದ ಬಾಗಿಲು ಬಿಟ್ಟು, 1980ರ ಅಮೆರಿಕದ ಕಾನೂನಿನಂತೆ ಅಲ್ಲಿಯ ಸರಕಾರಕ್ಕೇ ಅರ್ಜಿ ಹಾಕಿತು.

ಈ ಕಂಪೆನಿಯ ಷೇರು 2021ರಲ್ಲಿ 10 ಡಾಲರಿನ ಲೆಕ್ಕದಲ್ಲಿ ಪೇಟೆಗೆ ಬಂತು. ಮರುವರ್ಷ 1 ಡಾಲರಿಗೂ ಕೆಳಗೆ ಇಳಿಯಿತು. 2025ರಲ್ಲಿ ಮೇಲೆ ಹೇಳಿದ ಆಜ್ಞೆ ಬಂದ ಮೇಲೆ ಹಲವು ಪಟ್ಟು ಏರಿತು. ಈ ಏರಿಳಿತದ ಕಾಲದಲ್ಲೆಲ್ಲ ಗಂಟುಗಳು ಕಡಲ ತಳದಲ್ಲಿ ಇದ್ದಲ್ಲಿಯೇ ಇದ್ದವು. ಏರಿದ್ದೂ ಇಳಿದದ್ದೂ ಅನುಮತಿಯ ಆಸೆ. ಒಂದು ಸಹಿಯಿಂದ ಏರಿದುದು ಇನ್ನೊಂದು ಸಹಿಯಿಂದ ಇಳಿಯಬಹುದೆಂಬುದನ್ನು ಅರಿಯಲು ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ.

ಅಮ್ಮನ ಪ್ರಶ್ನೆ: ಪುನಃ ಬೆಳೆಯುತ್ತದೆಯೇ?

ಅಡಿಕೆ ಮರ ಬಿದ್ದರೆ ಸಸಿ ನೆಡಬಹುದು. ಐದಾರು ವರ್ಷಗಳಲ್ಲಿ ಹಿಂಗಾರ ಬಿಟ್ಟೀತು. ಕಡಲ ಗಂಟು ಬೆಳೆಯುವ ವೇಗ ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಮಿಲಿಮೀಟರ್. ಒಂದು ಮೀನಿನ ಹಲ್ಲನ್ನೋ ಚಿಪ್ಪಿನ ಚೂರನ್ನೋ ನಡುವಿಟ್ಟುಕೊಂಡು, ನೀರಿನಲ್ಲಿ ಕರಗಿದ ಲೋಹ ಪದರ ಪದರವಾಗಿ ಕೂಡಿ ಗಂಟಾಗುತ್ತದೆ. ನಾವು ಕೈಯಲ್ಲಿ ಹಿಡಿಯುವ ಒಂದು ಗಂಟು ಮನುಷ್ಯಜಾತಿಗಿಂತಲೂ ಬಹಳ ಹಳೆಯದು. ಆದುದರಿಂದ ಅಮ್ಮನಿಗೆ ಉತ್ತರ: ನಮ್ಮ ಲೆಕ್ಕದಲ್ಲಿ ಪುನಃ ಬೆಳೆಯುವುದಿಲ್ಲ.

ಗಂಟು ಹೋದರೆ ಹೋಗಲಿ, ಅಲ್ಲಿ ಯಾರಿದ್ದಾರೆ ಎಂದು ಕೇಳಬಹುದು. ಇದ್ದಾರೆ. ಸುತ್ತಲೂ ಮೆತ್ತಗಿನ ಕೆಸರಿರುವ ಬಯಲಿನಲ್ಲಿ ಗಟ್ಟಿ ನೆಲೆಯೆಂದರೆ ಈ ಗಂಟುಗಳೇ. ಸ್ಪಂಜುಗಳೂ ಹವಳದ ಬಂಧುಗಳೂ ಇವುಗಳ ಮೇಲೆ ಬೇರೂರುತ್ತವೆ. ಗಂಟಿನ ಮೇಲೆ ಬೆಳೆದ ಸ್ಪಂಜಿನ ಒಣಗಿದ ಕಾಂಡಕ್ಕೆ ಮೊಟ್ಟೆಗಳನ್ನು ಅಂಟಿಸಿ ಕಾವಲು ಕೂರುವ ಒಂದು ಬಿಳಿಯ ಅಷ್ಟಪದಿಯ ವಿಚಾರ 2016ರಲ್ಲಿ ಪ್ರಕಟವಾಯಿತು. ಹವಾಯಿ-ಮೆಕ್ಸಿಕೋ ನಡುವಣ ಬಯಲಿನಲ್ಲಿ ಸುಮಾರು ಐದು ಸಾವಿರಕ್ಕೂ ಮಿಕ್ಕಿ ಜೀವಜಾತಿಗಳಿರಬಹುದೆಂದೂ, ಅವುಗಳಲ್ಲಿ ಶೇಕಡ 90ರಷ್ಟಕ್ಕೆ ಇನ್ನೂ ವಿಜ್ಞಾನ ಹೆಸರಿಟ್ಟಿಲ್ಲವೆಂದೂ 2023ರ ಅಧ್ಯಯನವೊಂದು ಅಂದಾಜು ಮಾಡಿತು. ಹೆಸರಿಡುವ ಮೊದಲೇ ಅಳಿಸುವುದು ಎಂಥ ವ್ಯವಹಾರ!

ಗಾಯ ಮಾಯುವುದೋ ಇಲ್ಲವೋ ಎಂಬುದಕ್ಕೆ ಪರೀಕ್ಷೆಗಳೂ ನಡೆದಿವೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದ ಆಚೆಯ ಕಡಲಲ್ಲಿ, 4000 ಮೀಟರಿಗೂ ಮಿಕ್ಕಿದ ಆಳದಲ್ಲಿ, ಸುಮಾರು 11 ಚದರ ಕಿಲೋಮೀಟರ್ ನೆಲವನ್ನು ನೇಗಿಲಿನಂಥ ಸಾಧನದಿಂದ ಉತ್ತರು. 2015ರಲ್ಲಿ, ಎಂದರೆ 26 ವರ್ಷಗಳ ತರುವಾಯ, ಹೋಗಿ ನೋಡಿದಾಗ ಉತ್ತ ಗೆರೆಗಳು ನಿನ್ನೆಯ ಉಳುಮೆಯಂತೆ ಕಾಣಿಸಿದವು. ಅಲ್ಲಿಯ ಸೂಕ್ಷ್ಮಜೀವಿಗಳ ಚಟುವಟಿಕೆ ಮೊದಲಿನಂತಾಗಲು 50 ವರ್ಷಗಳಾದರೂ ಬೇಕೆಂದು ಅವರ ಲೆಕ್ಕ. 1997ರಲ್ಲಿ ನಮ್ಮ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರೂ ಮಧ್ಯ ಹಿಂದೂ ಮಹಾಸಾಗರದಲ್ಲಿ 3 ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಪಟ್ಟಿಯನ್ನು ಬೇಕೆಂದೇ ಕದಡಿ, ಪರಿಣಾಮವನ್ನು ಪರೀಕ್ಷಿಸಿದರು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 1979ರಲ್ಲಿ ಶಾಂತಸಾಗರದಲ್ಲಿ ಯಂತ್ರ ಓಡಿದ ಜಾಡನ್ನು 44 ವರ್ಷಗಳ ಮೇಲೆ ನೋಡಿದವರಿಗೆ, ಜಾಡು ಹಾಗೆಯೇ ಉಳಿದಿದ್ದರೂ ಕೆಲವು ಜೀವಿಗಳು ಮರಳಿ ಬರುತ್ತಿರುವುದು ಕಂಡಿತು. ಎಲ್ಲವೂ ಸತ್ತೇ ಹೋಗುತ್ತದೆಂಬುದೂ ಅತಿಶಯವೇ.

ಯಂತ್ರ ಓಡಿದಲ್ಲಿ ಮಾತ್ರ ಹಾನಿಯೆಂದು ತಿಳಿಯಬಾರದು. ಮಳೆಗಾಲದ ಮೊದಲಲ್ಲಿ ಪಯಸ್ವಿನಿಯ ಮೇಲ್ಗಡೆ ಮಣ್ಣು ಜರಿದರೆ ನಮ್ಮ ಕಡವಿನ ನೀರು ಕೆಂಪಾಗುತ್ತದೆ. ಜರಿದ ಜಾಗವನ್ನು ನಾವು ಕಂಡೇ ಇರುವುದಿಲ್ಲ. ಕಡಲ ತಳದಲ್ಲಿಯೂ ಹಾಗೆಯೇ. ಯಂತ್ರ ಎಬ್ಬಿಸಿದ ಕೆಸರಿನ ಮೋಡ ಪ್ರವಾಹದೊಡನೆ ದೂರ ಹೋಗಿ, ನೀರನ್ನು ಸೋಸಿ ಬದುಕುವ ಜೀವಿಗಳ ಮೇಲೆ ಕೂರುತ್ತದೆ. ಗಂಟುಗಳನ್ನು ಹಡಗಿಗೆ ಹೀರಿ ಬೇರ್ಪಡಿಸಿದ ಮೇಲೆ ಉಳಿದ ಕೆಸರುನೀರನ್ನು ಕಡಲಿಗೇ ಬಿಡಬೇಕು. ಎಷ್ಟು ಆಳದಲ್ಲಿ ಬಿಟ್ಟರೆ ನಡುನೀರಿನ ಮೀನುಗಳಿಗೆ ಎಷ್ಟು ಹಾನಿ ಎಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ.

ತಂದೆಯವರ ಪ್ರಶ್ನೆ: ನಷ್ಟವಾದರೆ ಕೊಡುವವರು ಯಾರು?

ಇಲ್ಲಿ ಎರಡು ನಷ್ಟಗಳಿವೆ: ಹೂಡಿದವನ ನಷ್ಟ, ಕಡಲಿನ ನಷ್ಟ. ಮೊದಲನೆಯದಕ್ಕೆ ಪಾಪುವಾ ನ್ಯೂಗಿನಿ ದೇಶದ ಕಥೆ ಸಾಕು. ಅಲ್ಲಿಯ ಕಡಲಿನಲ್ಲಿ, ಸುಮಾರು 1600 ಮೀಟರ್ ಆಳದಲ್ಲಿ, ತಾಮ್ರ ಮತ್ತು ಚಿನ್ನವುಳ್ಳ ಬಿಸಿಬುಗ್ಗೆಗಳ ಅದಿರನ್ನು ತೆಗೆಯಲು ಕೆನಡಾದ 'ನಾಟಿಲಸ್ ಮಿನರಲ್ಸ್' ಎಂಬ ಕಂಪೆನಿಗೆ 2011ರಲ್ಲಿ ಗುತ್ತಿಗೆ ಸಿಕ್ಕಿತು. ಆ ಬಡ ದೇಶದ ಸರಕಾರವೇ ಅದರಲ್ಲಿ ಶೇಕಡ 15 ಪಾಲು ಕೊಂಡಿತು. ಯಂತ್ರಗಳು ಸಿದ್ಧವಾದವು, ದಡದ ಜನರ ವಿರೋಧವೂ ಬೆಳೆಯಿತು, ಹಡಗಿಗೆ ಹಣ ಒದಗಲಿಲ್ಲ. 2019ರಲ್ಲಿ ಕಂಪೆನಿ ದಿವಾಳಿಯಾಯಿತು. ಒಂದು ಟನ್ ಅದಿರನ್ನೂ ಮಾರದೆ ಅದು ಮುಳುಗಿತು; ಸರಕಾರ ಕಳೆದುಕೊಂಡುದು ಸುಮಾರು 12 ಕೋಟಿ ಡಾಲರ್. ನಷ್ಟವನ್ನು ತುಂಬಿಕೊಡುವವರು ಯಾರೂ ಇರಲಿಲ್ಲ.

ಎರಡನೆಯ ನಷ್ಟದ ವಿಚಾರ ಇನ್ನೂ ಸೂಕ್ಷ್ಮವಾದುದು. 2011ರ ಫೆಬ್ರವರಿ 1ರಂದು ಅಂತರರಾಷ್ಟ್ರೀಯ ಸಮುದ್ರ ನ್ಯಾಯಮಂಡಲಿಯ ಒಂದು ಪೀಠ ಸಲಹಾ ಅಭಿಪ್ರಾಯ ಕೊಟ್ಟಿತು. ಕಂಪೆನಿಗೆ ಆಶ್ರಯ ಕೊಟ್ಟ ದೇಶ ತಕ್ಕ ಎಚ್ಚರಿಕೆ ವಹಿಸಿದ್ದರೆ ಅದರ ಮೇಲೆ ಹೊಣೆ ಬಾರದು. ಆಗ ಕಂಪೆನಿಯ ಕೈಯಲ್ಲೂ ಹಣವಿಲ್ಲದಿದ್ದರೆ ಪರಿಹಾರದಲ್ಲಿ ಒಂದು ಖಾಲಿ ಉಳಿಯುತ್ತದೆ ಎಂಬುದನ್ನು ಪೀಠವೇ ಎತ್ತಿ ತೋರಿಸಿತು. ಖಾಲಿ ಉಳಿದ ಜಾಗವೆಂದರೆ ಇನ್ನೇನು? ಹಾಲಾಹಲದ ಬಟ್ಟಲು ಮುಂದಿದೆ, ಕುಡಿಯುವವನಿಲ್ಲ.

ಕುದುರೆಮುಖದ ಪಾಠ

ಇವೆಲ್ಲ ದೂರದ ಸಂಗತಿಗಳು. ದೂರದ ಬೆಟ್ಟ ನುಣ್ಣಗೆ ಕಾಣುವಂತೆ ಕೆಲವೊಮ್ಮೆ ಕಪ್ಪಗೂ ಕಾಣಬಹುದು. ಆದುದರಿಂದ ಹತ್ತಿರದ ಬೆಟ್ಟವೊಂದನ್ನೇ ನೋಡೋಣ. ಕಾಲೇಜಿನ ಪ್ರವಾಸದಲ್ಲಿ ನಾವು ಕುದುರೆಮುಖದ ಗಣಿಪಟ್ಟಣವನ್ನು ಕಂಡೆವು. ಸಾಲು ಸಾಲಾಗಿ ಮನೆಗಳು, ಮುಚ್ಚಿದ ಕಿಟಕಿಗಳು, ಅಂಗಳದಲ್ಲಿ ಬೆಳೆದ ಪೊದೆಗಳು. ಜತೆಯವರು ಚಿತ್ರ ತೆಗೆಯುತ್ತಿದ್ದರು. ನನಗೆ ಮಾತ್ರ ಇದು ಯಾರದೋ ಹೂಡಿಕೆಯ ಲೆಕ್ಕಪುಸ್ತಕವೆಂದು ತೋರಿತು.

ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ 1976ರಲ್ಲಿ ಹುಟ್ಟಿತು. ಹಣ ಒದಗಿಸಿ ಅದಿರನ್ನೂ ಕೊಳ್ಳುವುದಾಗಿ ಇರಾನ್ ದೇಶ ಒಪ್ಪಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಒಪ್ಪಂದ ಕುಸಿಯಿತು, ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಹೀಗಿದ್ದರೂ ಗಣಿ ನಡೆಯಿತು. ಅದಿರನ್ನು ನೀರಿನೊಡನೆ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಇಳಿಸಿದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಸಿದರು. ಸಾವಿರಾರು ಕುಟುಂಬಗಳಿಗೆ ಅದು ಅನ್ನ ಕೊಟ್ಟಿತೆಂಬುದನ್ನು ಮರೆಯಬಾರದು.

ಆದರೆ ಗಣಿ ಇದ್ದುದು ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಮಲೆಯಲ್ಲಿ. 1987ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಘೋಷಣೆ ಹೊರಟಿತು. 1999ರಲ್ಲಿ 30 ವರ್ಷಗಳ ಗುತ್ತಿಗೆ ತೀರಿತು. ಭದ್ರೆಗೆ ಸೇರುವ ಹೂಳಿನ ವಿಚಾರ ನ್ಯಾಯಾಲಯದ ಮೆಟ್ಟಿಲೇರಿತು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಅದರಂತೆ 2005ರ ಕೊನೆಗೆ ಗಣಿ ನಿಂತಿತು. ಬೆಟ್ಟದಲ್ಲಿ ಅದಿರು ಮುಗಿದಿರಲಿಲ್ಲ, ಯಂತ್ರಗಳು ಕೆಟ್ಟಿರಲಿಲ್ಲ, ಮುಗಿದುದು ಅನುಮತಿ. ಅಂದಿನಿಂದ ಪಣಂಬೂರಿನ ಅದಿರುಂಡೆ ಕಾರ್ಖಾನೆ ಹೊರಗಿನಿಂದ ಅದಿರು ತರಿಸಿಕೊಂಡು, ನಡುನಡುವೆ ನಿಂತು, ಹೇಗೋ ನಡೆಯಬೇಕಾಯಿತು.

ಈ ಕಂಪೆನಿಯ ಷೇರುಗಳಲ್ಲಿ ಶೇಕಡ 99ರಷ್ಟು ಸರಕಾರದ ಕೈಯಲ್ಲೇ ಇರುವುದರಿಂದ ಪೆಟ್ಟು ಬಹುಪಾಲು ಬೊಕ್ಕಸಕ್ಕೆ ತಗಲಿತು. ಅದೇ ಷೇರುಗಳು ನಮ್ಮಂಥ ಮನೆಗಳ ಪೆಟ್ಟಿಗೆಯಲ್ಲಿದ್ದಿದ್ದರೆ? ನದಿಗೆ ಸೇರಿದ ಹೂಳನ್ನು ಕಂಪೆನಿಯ ಲೆಕ್ಕದಲ್ಲಿ ಯಾರೂ ಬರೆದಿರಲಿಲ್ಲ. ಕೊನೆಗೆ ನ್ಯಾಯಾಲಯ ಅದನ್ನು ಬರೆಯಿತು, ಒಂದೇ ಸಾಲಿನಲ್ಲಿ. ಬರೆಯದೆ ಬಿಟ್ಟ ಖರ್ಚು ಇಲ್ಲದ ಖರ್ಚಲ್ಲವೆಂಬುದೇ ಕುದುರೆಮುಖದ ಪಾಠ.

ಸ್ವಲ್ಪ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಕೇವಲ ಊಹೆಯವು. ವಿಧಾನವನ್ನು ತೋರಿಸಲು ಮಾತ್ರ. ಕಡಲ ಗಣಿಯ ಷೇರು ಫಲಿಸಬೇಕಾದರೆ ಮೂರು ಬಾಗಿಲುಗಳು ತೆರೆಯಬೇಕು: ಅನುಮತಿ ಸಿಗಬೇಕು, ಯಂತ್ರ ವರ್ಷಗಟ್ಟಲೆ ಕೆಡದೆ ನಡೆಯಬೇಕು, ಲೋಹಕ್ಕೆ ಒಳ್ಳೆಯ ಬೆಲೆಯಿರಬೇಕು. ಒಂದೊಂದು ಬಾಗಿಲು ತೆರೆಯುವ ಸಂಭವ ಅರ್ಧವೆಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಮೂರೂ ತೆರೆಯುವ ಸಂಭವ ಎಂಟರಲ್ಲಿ ಒಂದು. ಹಾಕಿದ ಒಂದು ಲಕ್ಷ ಗೆದ್ದಾಗ ಎಂಟು ಲಕ್ಷವಾದರೆ ಮಾತ್ರ ಲೆಕ್ಕ ಸರಿಸಮ. ಶೇಕಡ 7ರ ಬಡ್ಡಿಯ ಠೇವಣಿ ಹತ್ತು ವರ್ಷಗಳಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಹತ್ತು ವರ್ಷ ಕಾಯುವುದಾದರೆ ಆ ಷೇರು ಗೆದ್ದಾಗ ಹದಿನಾರು ಲಕ್ಷದ ಹತ್ತಿರ ಬರಬೇಕು. ಅಷ್ಟು ಬರುವುದೆಂದು ಯಾರೂ ಬರೆದುಕೊಡುವುದಿಲ್ಲ.

ಪರಿಸರದ ಅಪಾಯವನ್ನು ನಾಲ್ಕನೆಯ ಬಾಗಿಲೆಂದು ಪಟ್ಟಿಯ ಕೊನೆಯಲ್ಲಿ ಬರೆಯುವ ರೂಢಿಯುಂಟು. ನನ್ನ ಮಟ್ಟಿಗೆ ಅದು ತಪ್ಪು. ಅದು ಮೂರು ಬಾಗಿಲುಗಳ ಅಗಳಿಯಲ್ಲಿಯೂ ಕೂತಿದೆ. ಹಾನಿಯ ಭಯದಿಂದಲೇ ಅನುಮತಿ ತಡೆಯುತ್ತದೆ. ಕೆಸರಿನ ಮೋಡವನ್ನು ಕಡಿಮೆ ಮಾಡಬೇಕೆಂದರೆ ಯಂತ್ರದ ಖರ್ಚು ಏರುತ್ತದೆ. ಹಾನಿಯ ಸುದ್ದಿ ಹರಡಿದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. 2021ರಲ್ಲಿಯೇ ಬಿ.ಎಂ.ಡಬ್ಲ್ಯು., ವೋಲ್ವೊ, ಗೂಗಲ್, ಸ್ಯಾಮ್‌ಸಂಗ್‌ನ ಬ್ಯಾಟರಿ ಕಂಪೆನಿಗಳು ಸದ್ಯಕ್ಕೆ ಕಡಲ ತಳದ ಲೋಹ ತಮಗೆ ಬೇಡವೆಂದು ಹೇಳಿದವು. ಮೂರು ಬಾಗಿಲುಗಳಿಗೂ ಒಂದೇ ಕೀಲಿಯಿದ್ದರೆ, ಒಂದು ಮುಚ್ಚಿದಾಗ ಉಳಿದವೂ ಮುಚ್ಚುವ ಸಂಭವ ಹೆಚ್ಚು. ಹಣವನ್ನು ಹಂಚಿ ಇಟ್ಟಿದ್ದೇನೆಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಎದುರು ಪಕ್ಷದ ಮಾತು

ಅಣ್ಣನ ವಾದವನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ. "ಬ್ಯಾಟರಿಗೆ ಲೋಹ ಬೇಕಲ್ಲ? ನೆಲದ ಗಣಿ ಮಾತ್ರ ಪುಣ್ಯದ ಕೆಲಸವಾ? ಬಳ್ಳಾರಿಯಲ್ಲಿ ಎಂತ ಆಯ್ತು?" ಎಂದು ಅವನು ಕೇಳಿದ. ನಿಜವೇ. ಬಳ್ಳಾರಿಯ ಅದಿರು ಗಣಿಗಳನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ನಿಲ್ಲಿಸಬೇಕಾಯಿತು. ಇಂಡೋನೇಷ್ಯದಲ್ಲಿ ನಿಕ್ಕಲಿಗಾಗಿ ಮಳೆಕಾಡು ಕಡಿಯುತ್ತಾರೆ. ಕಾಂಗೋ ದೇಶದ ಕೋಬಾಲ್ಟ್ ಗುಂಡಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಕಡಲ ತಳದಲ್ಲಿ ಎಬ್ಬಿಸಬೇಕಾದ ಊರಿಲ್ಲ, ಕಡಿಯಬೇಕಾದ ಮರವಿಲ್ಲ. ಈ ಲೋಹಗಳಿಗಾಗಿ ಪರದೇಶದ ಮುಂದೆ ಕೈಯೊಡ್ಡದಿರುವುದು ಭಾರತಕ್ಕೆ ಹಿತವೆಂಬುದೂ ಸತ್ಯ.

ಇದಕ್ಕೆ ನನ್ನ ಉತ್ತರ ಎರಡು. ಮೊದಲನೆಯದಾಗಿ, ಕಡಲ ಗಣಿ ತೆರೆದರೆ ನೆಲದ ಗಣಿ ಮುಚ್ಚುತ್ತದೆಂಬ ಭರವಸೆ ಎಲ್ಲಿಯೂ ಇಲ್ಲ, ಎರಡೂ ನಡೆಯಬಹುದು. ಎರಡನೆಯದಾಗಿ, ಬೇಡಿಕೆಯೂ ನಿಂತ ನೀರಲ್ಲ. ನಿಕ್ಕಲ್, ಕೋಬಾಲ್ಟ್ ಎರಡೂ ಇಲ್ಲದೆ ಕಬ್ಬಿಣ ಮತ್ತು ರಂಜಕವನ್ನು ಬಳಸುವ ಬ್ಯಾಟರಿಗಳು ಈಗ ಬಹಳ ವಾಹನಗಳಲ್ಲಿವೆ. 2022ರಲ್ಲಿ ಎತ್ತರಕ್ಕೇರಿದ್ದ ಕೋಬಾಲ್ಟಿನ ಬೆಲೆ 2025ರ ಆರಂಭಕ್ಕೆ ಮೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿದಿತ್ತು. ಆ ಮೇಲೆ ಕಾಂಗೋ ರಫ್ತನ್ನು ತಡೆದುದರಿಂದ ಪುನಃ ಏರಿತು. ಹೀಗೆ ಕುಣಿಯುವ ಬೆಲೆಯನ್ನು ನಂಬಿ ಇಪ್ಪತ್ತು ವರ್ಷಗಳ ಗಣಿಯನ್ನು ಕಟ್ಟುವುದು ಅಡಿಕೆಯ ಒಂದು ವರ್ಷದ ಧಾರಣೆಯನ್ನು ನೋಡಿ ಗದ್ದೆಗಳನ್ನೆಲ್ಲ ತೋಟ ಮಾಡಿದಂತೆ. ಆ ಕಥೆ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ.

ನಮ್ಮ ದಡಕ್ಕೂ ಈ ವಿಚಾರ ದೂರದ್ದಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ಭಾರತದ ಕಡಲಿನ 13 ಖನಿಜ ಬ್ಲಾಕುಗಳನ್ನು ಹರಾಜಿಗೆ ಕರೆಯಿತು: ಗುಜರಾತಿನ ಆಚೆ 3, ಕೇರಳದ ಕೊಲ್ಲಂ ಆಚೆ ಮರಳಿನ 3, ಗ್ರೇಟ್ ನಿಕೋಬಾರಿನ ಆಚೆ ಗಂಟುಗಳ ಮತ್ತು ಲೋಹದ ಹೊರಪದರಗಳ 7. ಕೊಲ್ಲಂ ಕಡಲಿನ ಮರಳು ತೆಗೆದರೆ ಮೀನಿನ ನೆಲೆ ಕೆಡುವುದೆಂದು 2025ರ ಫೆಬ್ರವರಿಯಲ್ಲಿ ಕೇರಳದ ಮೀನುಗಾರರು ಮುಷ್ಕರ ಹೂಡಿದರು. ಅಜ್ಜಾವರದ ಪಯಸ್ವಿನಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಸೇರುವುದು ಅದೇ ಕಡಲನ್ನು. ಆ ಕಡಲಿನ ಬಂಗುಡೆಯೂ ಬೂತಾಯಿಯೂ ಸುಳ್ಯದ ಪೇಟೆಗೆ ಬರುತ್ತವೆ.

ನಮ್ಮ ಮನೆಯ ತೀರ್ಮಾನ

ನಮ್ಮ ಅಜ್ಜನ ಹಳೆಯ ಪೆಟ್ಟಿಗೆಯಲ್ಲಿ ಒಂದು ಬಣ್ಣದ ಕಾಗದವಿದೆ. 1990ರ ದಶಕದಲ್ಲಿ ಸಾಗುವಾನಿ ಗಿಡ ಬೆಳೆಸಿ ಇಪ್ಪತ್ತು ವರ್ಷಗಳಲ್ಲಿ ಲಕ್ಷ ಕೊಡುತ್ತೇವೆಂದು ಹೇಳಿದ ಕಂಪೆನಿಯೊಂದರ ಪ್ರಮಾಣಪತ್ರವದು. ಕಾಗದದ ಮೇಲಣ ಮರ ಈಗಲೂ ಹಸುರಾಗಿದೆ. ಕಂಪೆನಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ತಾನು ನೋಡಲಾಗದ ಜಾಗದಲ್ಲಿ ಬೆಳೆಯುವ ಮರಕ್ಕೆ ಹಣ ಕೊಟ್ಟುದು ಅಜ್ಜನ ತಪ್ಪು. ಐದು ಸಾವಿರ ಮೀಟರ್ ಆಳದ ಕತ್ತಲೆ ಅದಕ್ಕಿಂತಲೂ ದೂರ.

ನಾನು ಓದಿದುದನ್ನೆಲ್ಲ ಒಂದು ರಾತ್ರಿ ಜಗಲಿಯಲ್ಲಿ ಕೂತು ತಂದೆಯವರಿಗೆ ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. "ಕಳೆದುಕೊಂಡರೆ ನಮಗೆ ತಡೆಯುವುದಿಲ್ಲ, ಹಾಳು ಮಾಡಿದರೆ ಅದಕ್ಕೆ ತಡೆಯುವುದಿಲ್ಲ" ಎಂದಷ್ಟೇ ಹೇಳಿ ಎದ್ದರು. ಹಣದಲ್ಲಿ ಒಂದು ಭಾಗ ಸಹಕಾರಿ ಸಂಘದ ಠೇವಣಿಗೆ ಹೋಯಿತು. ಉಳಿದುದರಿಂದ ಕೆಳಗಿನ ತೋಟದಲ್ಲಿ ಸತ್ತ ಅಡಿಕೆಯ ಜಾಗಕ್ಕೆ ಕಾಳುಮೆಣಸು, ಕೊಕ್ಕೊ, ತೆಂಗು ಬಂದಿವೆ.

ಅಣ್ಣ ತನ್ನ ಸಂಬಳದ ಹತ್ತು ಸಾವಿರ ರೂಪಾಯಿಗೆ ಆ ಷೇರುಗಳನ್ನು ಕೊಂಡ. ಅವು ಏರಿದವು. ಫೋನಿನಲ್ಲಿ ಆ ಅಂಕಿಯನ್ನು ತೋರಿಸಿ, "ನೋಡು, ನಿನ್ನ ಅರ್ಥಶಾಸ್ತ್ರ ಎಂತ ಹೇಳ್ತದೆ?" ಎಂದು ನನ್ನನ್ನು ಹಾಸ್ಯ ಮಾಡಿದ. ನಾನು ಸೋತೆನೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಹಣ ಹೋದರೆ ಅವನಿಗೆ ಒಂದು ತಿಂಗಳ ಬೇಸರ. ನಮ್ಮ ಎರಡು ಲಕ್ಷ ಹೋಗಿದ್ದರೆ ತಂಗಿಯ ಓದು ನಿಲ್ಲುತ್ತಿತ್ತು. ಒಂದೇ ಷೇರು ಒಬ್ಬನಿಗೆ ಆಟವೂ ಇನ್ನೊಬ್ಬನಿಗೆ ಜೂಜೂ ಆಗಬಹುದು. ಹೂಡಿಕೆಯ ಪ್ರಶ್ನೆಯಲ್ಲಿ ವಸ್ತುವಿನ ಗುಣದಷ್ಟೇ ಹೂಡುವವನ ಶಕ್ತಿಯೂ ಮುಖ್ಯ.

ಇಷ್ಟಾಗಿಯೂ ಒಂದು ಮಾತು ಉಳಿಯುತ್ತದೆ. ನಾಳೆ ಅನುಮತಿ ಸಿಕ್ಕಿ, ಯಂತ್ರ ಗೆದ್ದು, ಬೆಲೆ ಏರಿ, ಲಾಭ ಖಂಡಿತವೆಂದಾದರೆ ನಾನು ಏನು ಹೇಳುವೆ? ಲೆಕ್ಕ ಆಗ ನನ್ನ ಪಕ್ಷದಲ್ಲಿರುವುದಿಲ್ಲ. ಆದರೂ ಅಮ್ಮನ ಪ್ರಶ್ನೆ ಅಲ್ಲಿಯೇ ಇರುತ್ತದೆ. ಪುನಃ ಬೆಳೆಯದುದನ್ನು, ಏನು ಹೋಗುತ್ತದೆಂದು ತಿಳಿಯದೆ ತೆಗೆಯುವ ಕೆಲಸದಲ್ಲಿ ಪಾಲುಗಾರನಾಗುವುದು ಲಾಭನಷ್ಟಗಳ ಪಟ್ಟಿಗೆ ಸೇರದ ವಿಚಾರ. ಅದನ್ನು ಪ್ರತಿಯೊಬ್ಬನೂ ತನ್ನ ಮನಸ್ಸಿನ ಮುಂದಿಟ್ಟು ತೀರ್ಮಾನಿಸಿಕೊಳ್ಳಬೇಕು. ನನ್ನ ಅಲ್ಪ ತಿಳಿವಳಿಕೆಗೆ ತೋರುವುದಿಷ್ಟು: ವಿಜ್ಞಾನಿಗಳು ಆ ಬಯಲಿನ ಜೀವಿಗಳಿಗೆ ಹೆಸರಿಟ್ಟು, ಗಾಯ ಎಷ್ಟು ಕಾಲಕ್ಕೆ ಮಾಯುವುದೆಂದು ಅಳೆದು, ಹಾನಿಗೆ ಹೊಣೆ ಹೊರುವವರನ್ನು ಕಾನೂನು ಗೊತ್ತುಮಾಡುವ ತನಕ ಕಾಯುವುದರಿಂದ ಆ ಗಂಟುಗಳು ಎಲ್ಲಿಗೂ ಹೋಗುವುದಿಲ್ಲ. ಅಷ್ಟು ಕಾಲ ಬಿದ್ದಿದ್ದವು ಇನ್ನಷ್ಟು ಕಾಲ ಇರುತ್ತವೆ.

ಗೆಳೆಯರೇ, ನಾಳೆ ನಮ್ಮಲ್ಲಿ ಅನೇಕರು ಸಂಬಳ ತರುವವರಾಗುತ್ತೇವೆ. ಫೋನಿನಲ್ಲಿ ಇಂಥ ಕರೆಗಳು ದಿನಕ್ಕೊಂದು ಬರುತ್ತವೆ. ಆಗ ಪುಸ್ತಕದ ಸೂತ್ರ ಮರೆತುಹೋದರೂ ಚಿಂತೆಯಿಲ್ಲ. ಅದು ಯಾರದ್ದು, ನಷ್ಟವಾದರೆ ಕೊಡುವವರು ಯಾರು, ಪುನಃ ಬೆಳೆಯುತ್ತದೆಯೇ ಎಂಬ ಈ ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿ ನೋಡಿರಿ. ಉತ್ತರ ಸಿಕ್ಕದಿದ್ದರೆ ಗಂಟನ್ನು ಬಿಚ್ಚಬೇಡಿರಿ.